ಬ್ಯಾಟರಿಗೆ ಬೈಯುವ ಮೊದಲು

ಹಳೇ ಬೈಕ್ ಇಟ್ಟುಕೊಂಡಿರುವ ಒಂದಿಷ್ಟು ಗೆಳೆಯರ ಮುಂದೆ, ಮೈಸೂರಿನ ಒಂದು ಗ್ಯಾರೇಜಿನ ಹಿತ್ತಲಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹಳೇ ಗಾಡಿಯ ಬ್ಯಾಟರಿ ಯಾಕೆ ಚಾರ್ಜ್ ಆಗುತ್ತಿಲ್ಲ ಅಂತ ಹುಡುಕುವ ಬಗ್ಗೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಗಾಡಿ ಸ್ಟಾರ್ಟ್ ಆಗಿದ್ದಾಗ ಏನೂ ಕೇಳಿಸದ ಜಾಗಗಳಲ್ಲಿ ಮಾತ್ರ ನೆನಪಿನಿಂದ ತುಂಬಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕುರ್ಚಿ ಸಿಗದವರು ನಿಮ್ಮ ನಿಮ್ಮ ಗಾಡಿ ಮೇಲೇ ಕೂತುಕೊಳ್ಳಿ, ಸ್ಟ್ಯಾಂಡ್ ಸರಿಯಾಗಿ ಹಾಕಿದೆಯಾ ನೋಡಿಕೊಂಡು. ಇಲ್ಲಿಂದ ಯಾದವಗಿರಿ ದೂರ ಇಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಫ್ಯಾಕ್ಟರಿ ಗಾಡಿ ಮಾಡಿದ್ದು ಅಲ್ಲೇ. ಮೊದಲು ಜಾವಾ, 1973ರಿಂದ ಯೆಜ್ಡಿ. ಹಾಗಾಗಿ ಈ ಊರಲ್ಲಿ ನಿಂತು ಯೆಜ್ಡಿ ಬಗ್ಗೆ ಮಾತಾಡೋದು ಅಂದರೆ ನಂಜನಗೂಡಲ್ಲಿ ಬಾಳೆಹಣ್ಣಿನ ಬಗ್ಗೆ ಭಾಷಣ ಮಾಡಿದ ಹಾಗೆ. ನಿಮ್ಮಲ್ಲಿ ನನಗಿಂತ ಚೆನ್ನಾಗಿ ಗೊತ್ತಿರುವವರು ಇದ್ದಾರೆ, ತಪ್ಪಿದರೆ ಕೂಗಿ ಹೇಳಿ.

ಸ್ಟ್ಯಾಂಡ್ ಮೇಲೆ ನಿಂತಿದೆಯಲ್ಲ, ಈ ಯೆಜ್ಡಿ, ಇದು ಇಲ್ಲಿ ಮುಂದೆ ಕೂತಿರುವ ಹುಡುಗನದು. ಅವನ ಅಪ್ಪ ಓಡಿಸುತ್ತಿದ್ದ ಗಾಡಿ. ಹೋದ ವರ್ಷ ಪೂರ್ತಿ ಬಿಚ್ಚಿ, ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ಕಟ್ಟಿಸಿದ್ದಾನೆ. ನೋಡಲು ಮದುವೆ ಗಂಡಿನ ಥರ ಇದೆ. ಆದರೆ ಎಂಟು ತಿಂಗಳಲ್ಲಿ ಎರಡು ಬ್ಯಾಟರಿ ತಿಂದಿದೆ. ಒಂದು ಹೊಸ ಕಟೌಟ್ ಕೂಡ ಹಾಕಿಸಿದ್ದಾನೆ, ಅಂದರೆ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಡೈನಮೋಗೂ ಬ್ಯಾಟರಿಗೂ ನಡುವೆ ಕೂತು ಆ ಕರೆಂಟನ್ನು ಹಿಡಿತದಲ್ಲಿಡುವ ಡಬ್ಬ. ಸಂಜೆ ಹೊರಟರೆ ಮನೆಗೆ ಬರುವಷ್ಟರಲ್ಲಿ ಹೆಡ್‌ಲೈಟ್ ಎಣ್ಣೆ ಮುಗಿದ ದೀಪದ ಹಾಗೆ ಆಗುತ್ತದೆ, ಆಮೇಲೆ ಎಂಜಿನ್ನೂ ತಡವರಿಸುತ್ತದೆ. ಇದಕ್ಕೆ ಏನಾಗಿದೆ ಅಂತ ನನಗೂ ಇನ್ನೂ ಗೊತ್ತಿಲ್ಲ. ಬೇಕಂತಲೇ ಮುಟ್ಟಿಲ್ಲ. ನಿಮ್ಮ ಎದುರೇ ನೋಡೋಣ.

ಎಂಟು ತಿಂಗಳಲ್ಲಿ ಈ ಗಾಡಿಗೆ ಒಂದೇ ಒಂದು ಸಲವೂ ಮೀಟರ್ ಹಿಡಿದಿಲ್ಲ. ಬ್ಯಾಟರಿ ವೀಕ್ ಅಂದರು, ಬ್ಯಾಟರಿ ಹಾಕಿಸಿದ. ಕಟೌಟ್ ಹೋಗಿರಬೇಕು ಅಂದರು, ಕಟೌಟ್ ಹಾಕಿಸಿದ. ಚಾರ್ಜಿಂಗ್ ಅನ್ನೋದನ್ನ ನಾವು ಒಂದು ಪಾರ್ಟ್ ಅಂದುಕೊಂಡುಬಿಟ್ಟಿದ್ದೇವೆ. ಅದು ಪಾರ್ಟ್ ಅಲ್ಲ, ದಾರಿ. ಡೈನಮೋದಿಂದ ಹೊರಟು, ಕಟೌಟ್ ದಾಟಿ, ವೈರಿನಲ್ಲಿ ಬ್ಯಾಟರಿಗೆ ಬಂದು, ಬ್ಯಾಟರಿಯಿಂದ ಚಾಸಿಗೆ ಇಳಿದು, ಚಾಸಿಯಿಂದ ಎಂಜಿನ್ ಬಾಡಿಗೆ ಹೋಗಿ, ಮತ್ತೆ ಡೈನಮೋಗೆ ಸೇರುವ ಒಂದು ಸುತ್ತು. ದಾರಿಯಲ್ಲಿ ಎಲ್ಲಿ ಮರ ಬಿದ್ದಿದೆ ಅಂತ ನೋಡದೆ ಬಸ್ಸು ಬದಲಾಯಿಸಿದರೆ ಊರು ಬರುತ್ತದಾ?

ಬೇಕಾಗಿರೋದು ಒಂದು ಸಾಧಾರಣ ಮಲ್ಟಿಮೀಟರ್. ಬೆಂಗಳೂರಿನ ಜೆ.ಸಿ. ರೋಡಲ್ಲಿ ಒಂದು ಬ್ಯಾಟರಿಗೆ ಕೊಡುವ ದುಡ್ಡಲ್ಲಿ ಇಂಥವು ಮೂರ್ನಾಲ್ಕು ಬರುತ್ತವೆ. ಒಂದೇ ಎಚ್ಚರಿಕೆ: ಕೆಂಪು ವೈರನ್ನು ಆಂಪ್ ತೂತಲ್ಲಿ ಬಿಟ್ಟು ಬ್ಯಾಟರಿ ಮುಟ್ಟಿಸಬೇಡಿ. ಫ್ಯೂಸ್ ಹಾರುತ್ತದೆ, ತೀರಾ ಅಗ್ಗದ್ದಾದರೆ ಮೀಟರೇ ಹಾರುತ್ತದೆ. ಯಾರು ನಗ್ತಿದ್ದೀರಿ? ನಾನೂ ಎರಡು ಸಲ ಮಾಡಿದ್ದೇನೆ.

ಮೊದಲು ಬ್ಯಾಟರಿ. ಅದಕ್ಕೆ ಬೈಯಬೇಡಿ ಅಂತೀನೇ ಹೊರತು ನೋಡಬೇಡಿ ಅನ್ನಲ್ಲ. ಬ್ಯಾಟರಿಯೇ ಸತ್ತಿದ್ದರೆ ಮುಂದಿನ ಯಾವ ಟೆಸ್ಟಿಗೂ ಬೆಲೆ ಇಲ್ಲ. ಹಿಂದಿನ ದಿನ ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ. ಎಷ್ಟು ಆಂಪ್? ಬ್ಯಾಟರಿ ಮೇಲೆ ಬರೆದಿರುವ ಆಂಪ್-ಅವರ್‌ನ ಹತ್ತನೇ ಒಂದು ಭಾಗ ಸಾಕು. 12 ಆಂಪ್-ಅವರ್ ಇದ್ದರೆ 1.2 ಆಂಪ್. ಕಾರಿನ ಚಾರ್ಜರ್‌ಗೆ ಹಾಕಿ ಒಂದು ಗಂಟೆಯಲ್ಲಿ ಮುಗಿಸೋಣ ಅಂದರೆ ಪ್ಲೇಟ್ ಬೆಂದು ಹೋಗುತ್ತದೆ. ನೀರು ಕಮ್ಮಿಯಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ಅಡುಗೆಮನೆಯ ಫಿಲ್ಟರ್ ನೀರು ಬೇಡ. ಆಮೇಲೆ ರಾತ್ರಿಯಿಡೀ ಸುಮ್ನೆ ಬಿಟ್ಟುಬಿಡಿ.

ಬೆಳಿಗ್ಗೆ ವೋಲ್ಟ್ ನೋಡಿ. 6 ವೋಲ್ಟಿನ ಬ್ಯಾಟರಿ 6.3, 6.4 ತೋರಿಸಬೇಕು. 12 ವೋಲ್ಟಿನದಾದರೆ 12.6 ಅಥವಾ ಸ್ವಲ್ಪ ಜಾಸ್ತಿ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಇಷ್ಟಕ್ಕೇ ನಂಬಬೇಡಿ. ಎಂಜಿನ್ ಆಫ್ ಇಟ್ಟು ಹೆಡ್‌ಲೈಟ್ ಹಾಕಿ, ಎರಡು ನಿಮಿಷ ಮೀಟರ್ ನೋಡುತ್ತಾ ನಿಲ್ಲಿ. ಸ್ವಲ್ಪ ಇಳಿದು ನಿಂತರೆ ಸರಿ. ಲಿಫ್ಟ್ ಇಳಿದ ಹಾಗೆ ಇಳಿಯುತ್ತಲೇ ಹೋದರೆ ಒಳಗೆ ಪ್ಲೇಟಿಗೆ ಸಲ್ಫೇಟ್ ಹಿಡಿದಿದೆ. ಅಂಥದ್ದಕ್ಕೆ ಯಾವ ಡೈನಮೋ ಏನು ಮಾಡಿದರೂ ಉಪಯೋಗವಿಲ್ಲ.

ಈ ಹುಡುಗನ ಬ್ಯಾಟರಿ ನಿನ್ನೆ ಚಾರ್ಜಿಗೆ ಹಾಕಿದ್ದೆವು. ಈಗ 6.4. ಹೆಡ್‌ಲೈಟ್ ಹಾಕಿದೆ... 6.1ಕ್ಕೆ ಬಂತು... ನಿಂತಿತು. ನೋಡಿ, ಬ್ಯಾಟರಿ ಚೆನ್ನಾಗೇ ಇದೆ. ಅಂದರೆ ಹಿಂದಿನ ಎರಡೂ ಬಹುಶಃ ಚೆನ್ನಾಗೇ ಇದ್ದವು, ಅಲ್ವಾ? ಪಾಪ, ಹಸಿವಿಂದ ಸತ್ತವು.

ಮುಂದೆ ಹೋಗುವ ಮೊದಲು ಒಂದು ಲೆಕ್ಕ. ಪುಸ್ತಕದ ಲೆಕ್ಕ ಅಲ್ಲ, ಕಿರಾಣಿ ಅಂಗಡಿ ಲೆಕ್ಕ. ಈ ಜಾತಿಯ ಹಳೇ ಜಾವಾ 250ರ ಡೈನಮೋ 6 ವೋಲ್ಟ್, 45 ವ್ಯಾಟ್. ಭಾಗಿಸಿದರೆ ಏಳೂವರೆ ಆಂಪ್. ಆದಾಯ ಅಷ್ಟೇ. ಈಗ ಖರ್ಚು ನೋಡಿ. ಹೆಡ್‌ಲೈಟ್ 25 ವ್ಯಾಟ್, ಟೇಲ್ ಲೈಟ್ 5, ಸ್ಪೀಡೋಮೀಟರ್ ಲೈಟ್ 2. ಅಲ್ಲಿಗೆ 32. ಇಗ್ನಿಷನ್ ಕಾಯಿಲ್ ಸುಮಾರು 2 ಆಂಪ್ ಎಳೆಯುತ್ತದೆ ಅಂದುಕೊಳ್ಳಿ, ಇನ್ನೊಂದು 12, 13 ವ್ಯಾಟ್. ಒಟ್ಟು 45. ಮುಗೀತು. ಬ್ರೇಕ್ ಲೈಟಿನ 18 ವ್ಯಾಟ್, ಹಾರ್ನ್, ಇವಕ್ಕೆ ದುಡ್ಡೇ ಉಳಿದಿಲ್ಲ. ಅವು ಬ್ಯಾಟರಿ ಎಂಬ ಉಳಿತಾಯ ಖಾತೆಯಿಂದ ಹೋಗಬೇಕು, ಹಗಲಲ್ಲಿ ಲೈಟ್ ಇಲ್ಲದೆ ಓಡಿಸಿದಾಗ ವಾಪಸ್ ತುಂಬಬೇಕು. ಅದೂ ಎಂಜಿನ್ ಒಳ್ಳೇ ಸ್ಪೀಡಲ್ಲಿ ಇದ್ದಾಗ ಮಾತ್ರ ಪೂರ್ತಿ 45. ಐಡಲಿಂಗ್‌ನಲ್ಲಿ ಆದಾಯ ಹೆಚ್ಚುಕಮ್ಮಿ ಸೊನ್ನೆ. ದಸರಾ ಹೊತ್ತಲ್ಲಿ ಸಂಜೆ ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲೂರಿಕೊಂಡು ತೆವಳುತ್ತಿದ್ದರೆ ಹೊಸ ಯೆಜ್ಡಿಯ ಬ್ಯಾಟರಿಯೂ ಇಳಿಯುತ್ತಿತ್ತು. ಅದು ರೋಗವಲ್ಲ, ಬಡತನ.

ಇದರ ಮೇಲೆ ಯಾರೋ ಬೆಳಕು ಸಾಲದು ಅಂತ 35 ವ್ಯಾಟಿನ ಬಲ್ಬ್ ಹಾಕಿರುತ್ತಾರೆ. ಬರುವ ಸಂಬಳದ ಮೇಲೆ ತಿಂಗಳಿಗೆ ಹತ್ತು ರೂಪಾಯಿ ಸಾಲ ಮಾಡಿದ ಹಾಗೆ. ಇನ್ನೊಂದು ವಿಷಯ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲೆಲ್ಲ ಹೆಡ್‌ಲೈಟ್ ತಾನೇ ಉರಿಯುತ್ತದೆ. ಅದನ್ನು ನೋಡಿ ನಮ್ಮವರು ಹಳೇ ಗಾಡಿಯಲ್ಲೂ ಹಗಲೆಲ್ಲ ಲೈಟ್ ಹಾಕಿಕೊಂಡು ಓಡಿಸುತ್ತಾರೆ. ನಿಮ್ಮ ಗಾಡಿ ಆ ನಿಯಮದ ಕಾಲದ್ದಲ್ಲ ಸ್ವಾಮಿ, ಆರಿಸಿ. ಹಾಗಾಗಿ ಟೆಸ್ಟ್ ಶುರು ಮಾಡುವ ಮೊದಲು ಎಲ್ಲ ಬಲ್ಬ್‌ಗಳ ವ್ಯಾಟ್ ಓದಿ ಬರೆದುಕೊಳ್ಳಿ. ಅರ್ಧ ದೂರು ಅಲ್ಲೇ ಬಗೆಹರಿಯುತ್ತದೆ.

ಈಗ ಕೆಂಪು ದೀಪ, ಚಾರ್ಜಿಂಗ್ ಆಗುತ್ತಿದೆಯಾ ಇಲ್ಲವಾ ಅಂತ ಹೇಳುವ ದೀಪ. ಇದರಲ್ಲಿ ಇರುವಷ್ಟು ಮಾಹಿತಿ ಬೇರೆಲ್ಲೂ ಇಲ್ಲ, ಯಾರೂ ಸರಿಯಾಗಿ ನೋಡಲ್ಲ. ಆ ಪುಟ್ಟ ಬಲ್ಬಿನ ಒಂದು ತುದಿ ಸ್ವಿಚ್ ಮೂಲಕ ಬ್ಯಾಟರಿಗೆ ಹೋಗಿದೆ, ಇನ್ನೊಂದು ತುದಿ ಡೈನಮೋಗೆ. ಹಗ್ಗಜಗ್ಗಾಟ ಅಂದುಕೊಳ್ಳಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಕಡೆ 6 ವೋಲ್ಟ್, ಡೈನಮೋ ಕಡೆ ಸೊನ್ನೆ. ಒಂದೇ ಕಡೆ ಎಳೆತ, ದೀಪ ಉರಿಯುತ್ತದೆ. ಎಂಜಿನ್ ಓಡಿ ಡೈನಮೋ ಎದ್ದು ನಿಂತರೆ ಎರಡೂ ಕಡೆ ಸಮ, ದೀಪ ಆರುತ್ತದೆ. ಇದು ಗೊತ್ತಿದ್ದರೆ ಉಳಿದಿದ್ದೆಲ್ಲ ನೀವೇ ಹೇಳಬಹುದು. ಕೀ ಹಾಕಿದಾಗ ಉರಿಯಲೇ ಇಲ್ಲ ಅಂದರೆ ಬಲ್ಬ್ ಹೋಗಿದೆ, ಮೊದಲು ಅದನ್ನು ಹಾಕಿ, ಕಣ್ಣಿಲ್ಲದೆ ಗಾಡಿ ಓಡಿಸಬೇಡಿ. ಎಷ್ಟು ಎಕ್ಸಿಲರೇಟರ್ ಕೊಟ್ಟರೂ ಪೂರ್ತಿ ಪ್ರಖರವಾಗಿ ಉರಿಯುತ್ತಿದ್ದರೆ ಡೈನಮೋ ಏನೂ ಹುಟ್ಟಿಸುತ್ತಿಲ್ಲ. ಮೊದಲು ಆರಿ, ಸ್ಪೀಡ್ ಜಾಸ್ತಿ ಆದಂತೆಲ್ಲ ಮತ್ತೆ ಹೊತ್ತಿ ಹೊಳೆದರೆ ಡೈನಮೋ ಕೆಲಸ ಮಾಡುತ್ತಿದೆ, ಆದರೆ ಅದರ ಕರೆಂಟ್ ಬ್ಯಾಟರಿಗೆ ಬರುವ ದಾರಿ ಕಟ್ಟಿದೆ. ಇನ್ನು ಮಂಕಾಗಿ, ಕೆಂಡದ ಥರ, ಕೈ ಅಡ್ಡ ಹಿಡಿದರೆ ಮಾತ್ರ ಕಾಣುವಷ್ಟು ಉರಿಯುತ್ತದೆ ನೋಡಿ, ಅದು ಬಹಳ ಮಂದಿ ತಳ್ಳಿಹಾಕುವ ಲಕ್ಷಣ. ಎರಡು ತುದಿಗಳ ನಡುವೆ ಒಂದೋ ಎರಡೋ ವೋಲ್ಟ್ ಅಂತರ ಉಳಿದಿದೆ. ಡೈನಮೋ ಸೊರಗಿರಬೇಕು, ಇಲ್ಲಾ ಕಟೌಟ್ ಪಾಯಿಂಟ್, ಸ್ವಿಚ್ಚು, ಯಾವುದೋ ಒಂದು ಕಡೆ ಕೊಳೆ.

ಕಿಕ್ ಮಾಡಪ್ಪ. ಕಿಕ್ಕರ್ರೇ ಗೇರ್ ಲಿವರ್ ಆಗಿರುವ ಗಾಡಿ ನೋಡದವರು ಯಾರಾದರೂ ಇದ್ದರೆ ಈಗ ನೋಡಿಕೊಳ್ಳಿ. ಹಾಂ. ಐಡಲಿಂಗ್‌ನಲ್ಲಿ ದೀಪ ಪೂರ್ತಿ ಇದೆ, ಅದು ಸರಿ. ಎಬ್ಬಿಸು... ಇನ್ನೂ... ಕಾಣುತ್ತಾ? ಕೆಂಡ. ಆರಲಿಲ್ಲ.

ಈಗ ಬ್ಯಾಟರಿಯ ಎರಡು ತುದಿಗೆ ಮೀಟರ್. ಓಡುವಾಗ 6 ವೋಲ್ಟಿನ ಗಾಡಿಯಲ್ಲಿ 7, 7.2 ಹತ್ತಿರ ಬರಬೇಕು. 12 ವೋಲ್ಟಿನದರಲ್ಲಿ 13.8ರಿಂದ 14.5. ಇಲ್ಲಿ ಬರುತ್ತಿರುವುದು 6.2. ಅಂದರೆ ಇಲ್ಲಿ ಏನೂ ಬರುತ್ತಿಲ್ಲ, ಬ್ಯಾಟರಿ ಒಂದೇ ದುಡಿಯುತ್ತಿದೆ. ಕೆಲವರಿಗೆ ಈ ಹೊತ್ತಲ್ಲಿ ಡಿಜಿಟಲ್ ಮೀಟರ್ 3, 19, 8 ಅಂತ ಕುಣಿಯುತ್ತದೆ. ಹೆದರಬೇಡಿ, ಅದು ಪ್ಲಗ್ಗಿನ ಕಿಡಿಯ ಗಲಾಟೆ. ಮೀಟರನ್ನು ಪ್ಲಗ್ ವೈರಿನಿಂದ ದೂರ ಹಿಡಿಯಿರಿ, ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿ, ಇಲ್ಲಾ ಮುಳ್ಳಿನ ಹಳೇ ಮೀಟರ್ ಹುಡುಕಿ. ನನಗೆ ಮುಳ್ಳಿನದೇ ಇಷ್ಟ. ಮುಳ್ಳು ಏರುವ ರೀತಿಯಲ್ಲೇ ಡೈನಮೋದ ಮನಸ್ಸು ಗೊತ್ತಾಗುತ್ತದೆ.

ಈಗ ಎಲ್ಲರೂ ಡೈನಮೋ ಬಿಚ್ಚಲು ಸ್ಪ್ಯಾನರ್ ತೆಗೆಯುತ್ತಾರೆ. ನಾನು ಮೊದಲು ದಾರಿ ನೋಡುತ್ತೇನೆ, ಅದರಲ್ಲೂ ಮೊದಲು ಅರ್ಥ್. ನನಗೆ ಈ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳೋರು, ಅರ್ಥ್ ಸರಿಯಿಲ್ಲದ ಗಾಡಿ ಜೊತೆ ವಾದ ಮಾಡೋದರಲ್ಲಿ ಅರ್ಥವಿಲ್ಲ ಅಂತ. ಚಾಸಿಗೆ ಬ್ಯಾಟರಿಯ ಯಾವ ತುದಿ ಹೋಗಿದೆ ಅಂತ ಕಣ್ಣಲ್ಲೇ ನೋಡಿ. ಹಳೇ ಗಾಡಿಗಳಲ್ಲಿ ಯಾವಾಗಲೂ ಮೈನಸ್ಸೇ ಇರುತ್ತದೆ ಅಂತ ಏನಿಲ್ಲ. ಎಂಜಿನ್ ಆಫ್, ಹೆಡ್‌ಲೈಟ್ ಆನ್. ಮೀಟರಿನ ಒಂದು ಮೊನೆ ಬ್ಯಾಟರಿಯ ಆ ತುದಿಗೆ. ವೈರಿನ ಲಗ್ಗಿಗಲ್ಲ, ಸೀಸದ ಕಂಬಕ್ಕೇ ಚುಚ್ಚಿ. ಇನ್ನೊಂದು ಮೊನೆ ಎಂಜಿನ್ ಬಾಡಿಯ ಬರಿ ಲೋಹಕ್ಕೆ. ಎರಡೂ ಒಂದೇ ಜಾಗ ತಾನೇ, ತೋರಿಸಬೇಕಾದ್ದು ಸೊನ್ನೆ. 0.1 ಬಂದರೆ ಕ್ಷಮಿಸಬಹುದು. ಈಗ ಎಷ್ಟು ಬರುತ್ತಿದೆ ಓದು? 0.6. ಕೇಳಿಸಿತಾ? 6 ವೋಲ್ಟಿನ ಗಾಡಿಯಲ್ಲಿ 0.6 ಅಂದರೆ ರೂಪಾಯಿಗೆ ಹತ್ತು ಪೈಸೆ ದಾರಿಯಲ್ಲೇ ಕಳ್ಳತನ. 12 ವೋಲ್ಟಿನ ಗಾಡಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, 6 ವೋಲ್ಟಿನದು ತಡೆದುಕೊಳ್ಳಲ್ಲ.

ಕಾರಣ ಇಲ್ಲೇ ಇದೆ, ಟಾರ್ಚ್ ಕೊಡಿ. ಅರ್ಥ್ ಸ್ಟ್ರಾಪ್ ಚಾಸಿಗೆ ಬೋಲ್ಟ್ ಆಗಿರುವ ಜಾಗ. ಕೆಳಗೆ ಪೌಡರ್ ಕೋಟಿಂಗ್! ಹಾಲಿನ ಕೆನೆಯಷ್ಟು ದಪ್ಪ. ಪೌಡರ್ ಕೋಟ್ ಅಂದರೆ ಪ್ಲಾಸ್ಟಿಕ್, ಕರೆಂಟ್ ಹೋಗಲ್ಲ. ಬೋಲ್ಟಿನ ಥ್ರೆಡ್ಡಿನಲ್ಲಿ ಎಲ್ಲೋ ಒಂದು ಕಡೆ ಲೋಹಕ್ಕೆ ಲೋಹ ತಾಗಿ ಇಷ್ಟಾದರೂ ನಡೆಯುತ್ತಿತ್ತು. ರಿಸ್ಟೋರ್ ಮಾಡಿದ ಗಾಡಿಗಳಲ್ಲಿ ನಾನು ನೋಡಿದ ಚಾರ್ಜಿಂಗ್ ದೂರುಗಳಲ್ಲಿ ಇದೇ ಜಾಸ್ತಿ. ತುಕ್ಕು ಹಿಡಿದ ಗಾಡಿಗೆ ಇಲ್ಲದ ಕಾಯಿಲೆ ಹೊಸ ಬಣ್ಣದ ಗಾಡಿಗೆ ಬರುತ್ತದೆ. ಬಣ್ಣದ ಅಂಗಡಿಯವರದ್ದು ತಪ್ಪಿಲ್ಲ, ಅವರು ಹೇಳಿದ ಕೆಲಸ ಮಾಡಿದ್ದಾರೆ. ವಾಪಸ್ ಕಟ್ಟುವಾಗ ಕೆರೆಯಬೇಕಿತ್ತು. ಒಂದು ರೂಪಾಯಿ ನಾಣ್ಯದಷ್ಟು ಜಾಗ ಬರಿ ಲೋಹ ಬರುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ನೋವಾಗುತ್ತೆ ಅಂತ ಗೊತ್ತು. ಕೆರಿ. ಎಂಜಿನ್ ಮೌಂಟಿಂಗ್ ಜಾಗದಲ್ಲೂ ಒಂದು ಕಡೆ.

ಇವನು ಕೆರೆಯುವಷ್ಟರಲ್ಲಿ ಇನ್ನೊಂದು ಹೇಳುತ್ತೇನೆ. ಇದೇ ಆಟವನ್ನು ಲೈವ್ ಕಡೆಯೂ, ಅಂದರೆ ಬ್ಯಾಟರಿಯ ಚಾಸಿಗೆ ಸೇರದ ತುದಿಯ ಕಡೆಯೂ ಆಡಬಹುದು. ಎಂಜಿನ್ ಓಡುತ್ತಾ ಚಾರ್ಜ್ ಮಾಡುತ್ತಿರುವಾಗ ಕಟೌಟಿನಿಂದ ಬ್ಯಾಟರಿಗೆ ಹೊರಡುವ ತುದಿಗೆ ಒಂದು ಮೊನೆ, ಬ್ಯಾಟರಿಯ ಕಂಬಕ್ಕೆ ಇನ್ನೊಂದು. ಅಲ್ಲೂ 0.2ಕ್ಕಿಂತ ಜಾಸ್ತಿ ಬಂದರೆ ಮಧ್ಯದ ಫ್ಯೂಸ್ ಹೋಲ್ಡರ್, ಬುಲೆಟ್ ಕನೆಕ್ಟರ್, ಯಾವುದೋ ಹಸಿರು ಹಿಡಿದಿದೆ. ವೈರಿನ ಕಂಟಿನ್ಯೂಟಿ ಬೀಪ್ ಬಂತು ಅಂತ ಖುಷಿಪಡಬೇಡಿ. ಒಂದೇ ಎಳೆ ಉಳಿದ ವೈರೂ ಬೀಪ್ ಅನ್ನುತ್ತದೆ. ಕರೆಂಟ್ ಹರಿಯುವಾಗ ನೋಡಿದ್ದೇ ನಿಜ.

ಸರಿ, ಬಿಗಿದಾಯಿತಾ? ಮತ್ತೆ ಹೆಡ್‌ಲೈಟ್. 0.05. ಚಪ್ಪಾಳೆ ಆಮೇಲೆ ತಟ್ಟಿ, ಮೊದಲು ಕಿಕ್ ಮಾಡಿ. ಎಬ್ಬಿಸು. 6.4... 6.5... ಅಷ್ಟೇ? ದೀಪ ಇನ್ನೂ ಸ್ವಲ್ಪ ಕೆಂಪಗಿದೆ. ಹಾಗಾದರೆ ಕಾಯಿಲೆ ಒಂದಲ್ಲ. ನನಗೂ ಇಲ್ಲಿಗೇ ಮುಗಿಯುತ್ತದೆ ಅಂತ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ಡೈನಮೋ. ಕಟೌಟಿನಿಂದ ಡೈನಮೋದ ಎರಡೂ ವೈರ್ ಬಿಚ್ಚಿ, ಗುರುತು ಹಾಕಿಕೊಂಡು. ಒಂದು ದಪ್ಪ, ಆರ್ಮೇಚರ್‌ನದು, ಅಂದರೆ ಒಳಗೆ ತಿರುಗುತ್ತಾ ಕರೆಂಟ್ ಹುಟ್ಟಿಸುವ ಭಾಗದ್ದು. ಇನ್ನೊಂದು ಫೀಲ್ಡ್ ಕಾಯಿಲ್‌ನದು, ಅಂದರೆ ಅದರ ಸುತ್ತ ಅಯಸ್ಕಾಂತ ಶಕ್ತಿ ಕೊಡುವ ಸುರುಳಿಯದು. ಡೈನಮೋಗಳಲ್ಲಿ ಎರಡು ಜಾತಿ. ಒಂದರಲ್ಲಿ ಫೀಲ್ಡ್‌ನ ಇನ್ನೊಂದು ತುದಿ ಒಳಗೇ ಬಾಡಿಗೆ ಸೇರಿರುತ್ತದೆ, ಲ್ಯೂಕಸ್ ಪದ್ಧತಿ. ಇನ್ನೊಂದರಲ್ಲಿ ಅದು ಒಳಗೇ ಲೈವ್ ಬ್ರಶ್‌ಗೆ, ಅಂದರೆ ಆರ್ಮೇಚರ್‌ನಿಂದ ಕರೆಂಟ್ ಎತ್ತಿಕೊಳ್ಳುವ ಕಾರ್ಬನ್ ತುಂಡಿಗೆ ಸೇರಿರುತ್ತದೆ, ಬಾಷ್ ಪದ್ಧತಿ. ಟೆಸ್ಟ್ ಉಲ್ಟಾ ಆಗುತ್ತದೆ, ಆದ್ದರಿಂದ ನಿಮ್ಮದು ಯಾವುದು ಅಂತ ಊಹೆ ಮಾಡಬೇಡಿ, ಅಳೆಯಿರಿ. ಲೈವ್ ಬ್ರಶ್ ಕೆಳಗೆ ಒಂದು ಪೇಪರ್ ಚೂರು ತೂರಿಸಿ. ಅದನ್ನು ಮರೆತರೆ ಆರ್ಮೇಚರ್ ಮೂಲಕ ಕರೆಂಟ್ ಸುತ್ತಿ ಬಂದು ಎರಡೂ ಕಡೆ ಒಂದೇ ಥರ ತೋರಿಸಿ ಮೋಸ ಮಾಡುತ್ತದೆ. ಮೀಟರ್ ಓಮ್‌ನಲ್ಲಿಟ್ಟು ಫೀಲ್ಡ್ ತುದಿಯಿಂದ ಬಾಡಿಗೆ ನೋಡಿ. ಕೆಲವು ಓಮ್ ಬಂದರೆ ಮೊದಲನೇ ಜಾತಿ. ಏನೂ ಬರದೆ, ಲೈವ್ ಬ್ರಶ್‌ಗೆ ಕೆಲವು ಓಮ್ ಬಂದರೆ ಎರಡನೆಯದು. ಎರಡೂ ಕಡೆ ಏನೂ ಇಲ್ಲದಿದ್ದರೆ ಫೀಲ್ಡ್ ಕಾಯಿಲ್ ಕಟ್ ಆಗಿದೆ. ಓಮ್ ಅಳೆಯುವ ಮೊದಲು ಮೀಟರಿನ ಎರಡು ಮೊನೆ ಒಂದಕ್ಕೊಂದು ಮುಟ್ಟಿಸಿ, ಅಲ್ಲೇ 0.3 ತೋರಿಸಿದರೆ ಅಷ್ಟನ್ನು ಕಳೆಯಿರಿ. ಈ ಗಾಡಿಯಲ್ಲಿ ಎರಡನೇ ಜಾತಿ ಬಂತು.

ಮೊದಲನೇ ಜಾತಿಯಾದರೆ ಫೀಲ್ಡ್ ವೈರನ್ನು ಆರ್ಮೇಚರ್ ವೈರಿಗೆ ಸೇರಿಸಬೇಕು. ಎರಡನೆಯದಾದರೆ ಬಾಡಿಗೆ. ಪೇಪರ್ ತೆಗೆಯಿರಿ. ಮೀಟರ್ 20 ವೋಲ್ಟ್ ಡಿಸಿ, ಆರ್ಮೇಚರ್ ವೈರಿಗೂ ಬಾಡಿಗೂ ನಡುವೆ. ಎಂಜಿನ್ ಬ್ಯಾಟರಿ ಮೇಲೇ ಓಡುತ್ತದೆ, ತೊಂದರೆಯಿಲ್ಲ. ನಿಧಾನಕ್ಕೆ ಎಬ್ಬಿಸಿ. ಈಗ ಹಿಡಿಯಲು ಕಟೌಟ್ ಇಲ್ಲ, ಆರೋಗ್ಯವಾಗಿರುವ ಡೈನಮೋ 6 ದಾಟಿ 8, 10 ಅಂತ ಸರಸರ ಏರುತ್ತದೆ. ಹತ್ತಕ್ಕೆ ನಿಲ್ಲಿಸಿಬಿಡಿ, ಲಗಾಮಿಲ್ಲದ ಕುದುರೆ, ಜಾಸ್ತಿ ಓಡಿಸಿದರೆ ಫೀಲ್ಡ್ ಸುಟ್ಟುಕೊಳ್ಳುತ್ತದೆ. ಒಂದು ವೋಲ್ಟಿನ ಆಸುಪಾಸಲ್ಲೇ ನಿಂತರೆ ಅದು ಕಬ್ಬಿಣದಲ್ಲಿ ಉಳಿದ ಅಯಸ್ಕಾಂತ ಶಕ್ತಿ ಮಾತ್ರ, ಫೀಲ್ಡ್ ಕೆಲಸ ಮಾಡುತ್ತಿಲ್ಲ. ಪೂರ್ತಿ ಸೊನ್ನೆಯಾದರೆ ಬ್ರಶ್ ಕೂತಿಲ್ಲ, ಇಲ್ಲಾ ಆ ಉಳಿದ ಶಕ್ತಿಯೂ ಹೋಗಿದೆ. ಅರ್ಧಕ್ಕೆ ಬಂದು ಒದ್ದಾಡಿದರೆ ಆರ್ಮೇಚರ್ ಅಥವಾ ಕಮ್ಯುಟೇಟರ್.

ಎಬ್ಬಿಸು ಮಗಾ. 2... 3... ಮತ್ತೆ 2... 4... ಮುಳ್ಳು ಎಮ್ಮೆ ಕೆರೆಗಿಳಿದ ಹಾಗೆ ಆಡುತ್ತಿದೆ. ಆಫ್ ಮಾಡು.

ಬಲಗಡೆ ಕವರ್ ತೆಗೆಯೋಣ. ಈ ಗಾಡಿಗಳಲ್ಲಿ ಡೈನಮೋ ಕ್ರ್ಯಾಂಕ್ ತುದಿಯಲ್ಲೇ ಕೂತಿದೆ. ಹತ್ತಿರ ಬನ್ನಿ, ಒಬ್ಬೊಬ್ಬರೇ. ಇದು ಕಮ್ಯುಟೇಟರ್, ತಾಮ್ರದ ಪಟ್ಟಿಗಳ ಉಂಗುರ. ಇದು ಹೊಳೆಯುವ ಕಂದು ಬಣ್ಣ ಇರಬೇಕು, ಹುರಿದ ಕಾಫಿ ಬೀಜದ ಬಣ್ಣ. ಇದು ಕಾಡಿಗೆ. ಬೆರಳಲ್ಲಿ ಮುಟ್ಟಿ ನೋಡಿ, ಜಿಡ್ಡು. ಬ್ರಶ್ಶಿನ ಕಾರ್ಬನ್ ಪುಡಿ ಎಣ್ಣೆಯಲ್ಲಿ ಕಲೆತು ಪಟ್ಟಿಗಳ ಮಧ್ಯದ ಸಂದಿಗಳಲ್ಲಿ ಕೂತಿದೆ. ಕಾರ್ಬನ್ ಕರೆಂಟ್ ಹರಿಸುತ್ತದೆ, ಹಾಗಾಗಿ ಪಟ್ಟಿಗೆ ಪಟ್ಟಿ ಶಾರ್ಟ್. ಇಲ್ಲಿಗೆ ಎಣ್ಣೆ ಎಲ್ಲಿಂದ ಬಂತು? ಈ ಕೋಣೆ ಒಣ ಇರಬೇಕು. ಬಂದಿದ್ದು ಕ್ರ್ಯಾಂಕಿನ ಬಲಗಡೆಯ ಆಯಿಲ್ ಸೀಲ್ ದಾಟಿ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಜೊತೆ ಎಣ್ಣೆ ಕ್ರ್ಯಾಂಕ್‌ಕೇಸಿನಲ್ಲೇ ಇರುತ್ತದೆ. ಐಡಲಿಂಗ್ ಒಮ್ಮೊಮ್ಮೆ ತಾನೇ ಏರುತ್ತಿತ್ತಾ? ನೋಡಿ, ಹೌದು ಅಂತಿದ್ದಾನೆ. ಅದೇ ಸೀಲಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತಿದೆ. ಕಾರ್ಬುರೇಟರ್ ಟ್ಯೂನ್ ಮಾಡಿಸಿದ್ದೀಯ? ಮೂರು ಸಲ. ಸರಿ.

ಇನ್ನೊಂದು ಇಲ್ಲೇ ನೋಡಿಬಿಡಿ. ಆರ್ಮೇಚರ್ ಸುತ್ತ, ಫೀಲ್ಡ್‌ನ ಕಬ್ಬಿಣಕ್ಕೆ ಉಜ್ಜಿದ ಗೆರೆ ಇದೆಯಾ? ಇದ್ದರೆ ಮೇನ್ ಬೇರಿಂಗ್ ಆಡುತ್ತಿದೆ. ಆಗ ಡೈನಮೋ ರಿಪೇರಿ ಮಾಡಿ ಪ್ರಯೋಜನವಿಲ್ಲ. ಇಲ್ಲಿ ಇಲ್ಲ, ಅದೃಷ್ಟ.

ಬ್ರಶ್ ಹೊರತೆಗೆದು, ಬಟ್ಟೆಗೆ ಪೆಟ್ರೋಲ್ ಹಾಕಿ ಒರೆಸಿ. ಸಂದಿಗಳನ್ನು ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯಲ್ಲಿ ನಿಧಾನಕ್ಕೆ ಕೆರೆಯಿರಿ. ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಅರ್ಧ ಮಿಲಿಮೀಟರ್ ಕೆಳಗಿರಬೇಕು, ಮೇಲೆ ಬಂದಿದ್ದರೆ ಬ್ರಶ್ ಕುಣಿಯುತ್ತದೆ. ಎಮರಿ ಪೇಪರ್ ಬೇಡವೇ ಬೇಡ, ಅದರ ಪುಡಿ ಕಚ್ಚಿಕೊಂಡು ಕೂತುಬಿಡುತ್ತದೆ. ಬೇಕೇ ಬೇಕಾದರೆ ಜೀರೋ ನಂಬರ್ ಗ್ಲಾಸ್ ಪೇಪರ್. ಬ್ರಶ್ ಸ್ಪ್ರಿಂಗ್ ಗಟ್ಟಿಯಿದೆಯಾ, ಬ್ರಶ್ ತನ್ನ ಗೂಡಲ್ಲಿ ಸಲೀಸಾಗಿ ಜಾರುತ್ತದಾ ನೋಡಿ. ಮತ್ತೆ, ಇಗ್ನಿಷನ್ ಪಾಯಿಂಟ್ ಕೂಡ ಇದೇ ಕೋಣೆಯಲ್ಲಿ ಕಿಡಿ ಹಾರಿಸುತ್ತದೆ. ಪೆಟ್ರೋಲ್ ಪೂರ್ತಿ ಆರುವವರೆಗೆ ಕಿಕ್ ಮಾಡುವ ಹಾಗಿಲ್ಲ. ಅಲ್ಲಿಯವರೆಗೆ ಟೀ ಕುಡಿಯೋಣ.

ಟೀ ಹೊತ್ತಲ್ಲಿ ಕಟೌಟ್ ಬಗ್ಗೆ ಕೇಳಿದರು. ಹೊಸ ಡಬ್ಬ ಹಾಕಿಸಿದ್ದಾನೆ ಅಂದೆನಲ್ಲ. ಆ ಡಬ್ಬದಲ್ಲಿ ಎರಡು ಕೆಲಸ ಇದೆ. ಡೈನಮೋ ಬ್ಯಾಟರಿಗಿಂತ ಮೇಲೆ ಬಂದಾಗ ಬಾಗಿಲು ತೆರೆಯೋದು, ಸುಮಾರು ಆರೂವರೆ ವೋಲ್ಟಿನಲ್ಲಿ. ಮತ್ತೆ ಜಾಸ್ತಿಯಾದರೆ ಫೀಲ್ಡ್ ಕರೆಂಟ್ ಕಡಿಮೆ ಮಾಡಿ ಹಿಡಿಯೋದು. ಮುಚ್ಚಳ ತೆಗೆದು ತಗಡು ಬಗ್ಗಿಸಿ ವೋಲ್ಟ್ ಏರಿಸುವ ಶೂರರಿದ್ದಾರೆ. ಡೈನಮೋ, ವೈರ್, ಅರ್ಥ್ ಎಲ್ಲ ಸರಿ ಅಂತ ಗೊತ್ತಾಗುವ ಮೊದಲು ದಯವಿಟ್ಟು ಆ ತಗಡು ಮುಟ್ಟಬೇಡಿ. ಆ ಬಾಗಿಲಿನ ಪಾಯಿಂಟ್ ಅಂಟಿಕೊಂಡರೆ ಮಾತ್ರ ಅಪಾಯ. ಎಂಜಿನ್ ನಿಲ್ಲಿಸಿದ ಮೇಲೂ ಬ್ಯಾಟರಿ ಉಲ್ಟಾ ಡೈನಮೋಗೆ ಸುರಿಯುತ್ತಲೇ ಇರುತ್ತದೆ. ನನಗೆ ಒಮ್ಮೆ ಆಗಿತ್ತು. ರಾತ್ರಿ ಶೆಡ್ಡಲ್ಲಿ ವೈರ್ ಸುಟ್ಟ ವಾಸನೆ, ಹೋಗಿ ನೋಡಿದರೆ ಡೈನಮೋ ಕವರ್ ಬಿಸಿ. ಕೈಗೆ ಸಿಕ್ಕ ಸ್ಕ್ರೂಡ್ರೈವರಲ್ಲಿ ಪಾಯಿಂಟ್ ಎಬ್ಬಿಸಿದೆ. ಅಂದಿನಿಂದ ಹಳೇ ಡಬ್ಬದೊಳಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಚ್ಚಿಟ್ಟು ಓಡಿಸುತ್ತಿದ್ದೇನೆ. ಅಸಲಿತನ ಹೋಯಿತು ಅನ್ನುವವರು ಅನ್ನಲಿ.

ಡೈನಮೋ ಬಿಚ್ಚಿದ ಮೇಲೆ, ಇಲ್ಲಾ ಗಾಡಿ ವರ್ಷಗಟ್ಟಲೆ ನಿಂತ ಮೇಲೆ, ಅದಕ್ಕೆ ಪ್ಲಸ್ ಯಾವುದು ಮೈನಸ್ ಯಾವುದು ಅಂತ ನೆನಪಿಸಬೇಕಾಗುತ್ತದೆ. ಮೊದಲನೇ ಜಾತಿಗೆ, ಕಟೌಟಿನಿಂದ ಬಿಚ್ಚಿದ ಫೀಲ್ಡ್ ವೈರಿಗೆ ಬ್ಯಾಟರಿಯ ಲೈವ್ ತುದಿಯಿಂದ ಒಂದು ವೈರ್ ಒಂದೇ ಕ್ಷಣ ಮುಟ್ಟಿಸಿ. ಎರಡನೆಯದಕ್ಕೆ ಫೀಲ್ಡ್ ಬಾಡಿಗೆ ಸೇರಿಸಿ, ಆರ್ಮೇಚರ್ ವೈರಿಗೆ ಮುಟ್ಟಿಸಿ. ಸಣ್ಣ ಕಿಡಿ, ಅಷ್ಟೇ. ಬ್ಯಾಟರಿ ಉಲ್ಟಾ ಹಾಕಿದ ಗಾಡಿಯಲ್ಲಿ ಇದನ್ನು ಮಾಡದೆ ಓಡಿಸಿದರೆ ಕಟೌಟ್ ಪಾಯಿಂಟ್ ಬೆಸೆದುಹೋಗುತ್ತದೆ.

ಬುಲೆಟ್‌ನವರು ಆಗಿನಿಂದ ಮುಖ ಸಪ್ಪಗೆ ಮಾಡಿಕೊಂಡಿದ್ದಾರೆ. ನಿಮ್ಮದರಲ್ಲಿ ಆಲ್ಟರ್ನೇಟರ್. ಬ್ರಶ್ ಇಲ್ಲ, ಕಮ್ಯುಟೇಟರ್ ಇಲ್ಲ, ತಿರುಗೋದು ಅಯಸ್ಕಾಂತ. ಹಾಗಾಗಿ ಸುಲಭ. ಸ್ಟೇಟರ್, ಅಂದರೆ ತಿರುಗದೆ ಕೂತಿರುವ ಕಾಯಿಲ್, ಅದರ ವೈರುಗಳನ್ನು ಬಿಚ್ಚಿ, ಮೀಟರ್ ಎಸಿ ವೋಲ್ಟಿಗೆ ಹಾಕಿ. ಎಂಜಿನ್ ಏರಿದಂತೆ ವೋಲ್ಟ್ ಒಂದೇ ಸಮನೆ ಏರಬೇಕು. ಆಫ್ ಮಾಡಿ ಓಮ್ ನೋಡಿ, ಕಾಯಿಲಿನ ತುದಿಯಿಂದ ತುದಿಗೆ ಬಹಳ ಕಡಿಮೆ ಬರಬೇಕು. ವೈರಿಂಗ್‌ನಲ್ಲೇ ಒಂದು ತುದಿ ಅರ್ಥ್‌ಗೆ ಕೊಟ್ಟಿಲ್ಲದಿದ್ದರೆ ಬಾಡಿಗೆ ಏನೂ ಬರಬಾರದು. ಇವೆಲ್ಲ ಸರಿಯಿದ್ದೂ ಬ್ಯಾಟರಿಯಲ್ಲಿ 13 ದಾಟದಿದ್ದರೆ, ಮಧ್ಯದ ಜಾಯಿಂಟುಗಳು ಸರಿಯಿದ್ದರೆ, ಎಸಿಯನ್ನು ಡಿಸಿ ಮಾಡಿ ಹಿಡಿತದಲ್ಲಿಡುವ ರೆಕ್ಟಿಫೈಯರ್ ರೆಗ್ಯುಲೇಟರ್ ಹೋಗಿದೆ. 15 ದಾಟಿದರೂ ಅದೇ ಹೋಗಿದೆ, ಬ್ಯಾಟರಿ ಕುದಿಯುವ ಮೊದಲು ಬದಲಾಯಿಸಿ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ಇದೆಯಾ ಅಂತ ಪರೀಕ್ಷೆ ಮಾಡುವ ಹಳೇ ವಿದ್ಯೆ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಬಲ್ಬ್‌ಗಳೂ ಹೋಗುತ್ತವೆ, ರೆಗ್ಯುಲೇಟರೂ ಹೋಗುತ್ತದೆ.

ಹೆಡ್‌ಲೈಟ್ ಮೇಲಿನ ಆ ಆಂಪ್ ಮೀಟರ್ ಬಗ್ಗೆ ಎರಡು ಮಾತು. ಬ್ಯಾಟರಿ ತುಂಬಿದ್ದರೆ ಮುಳ್ಳು ನಡುವೆ ಬಂದು ನಿಲ್ಲುತ್ತದೆ. ಚಾರ್ಜಿಂಗ್ ನಿಂತಿತು ಅಂತ ಗಾಬರಿಯಾಗಿ ಬರುತ್ತಾರೆ, ಅದು ಹೊಟ್ಟೆ ತುಂಬಿದ ಲಕ್ಷಣ. ಎರಡನೆಯದು, ಎಂಜಿನ್ ಆಫ್ ಇಟ್ಟು ಹೆಡ್‌ಲೈಟ್ ಹಾಕಿ. ಮುಳ್ಳು ಮೈನಸ್ ಕಡೆ ಹೋಗಬೇಕು. ಪ್ಲಸ್ ಕಡೆ ಹೋದರೆ ಯಾರೋ ಮೀಟರಿನ ವೈರ್ ಉಲ್ಟಾ ಕೊಟ್ಟಿದ್ದಾರೆ, ಇಷ್ಟು ದಿನ ನೀವು ಓದಿದ್ದೆಲ್ಲ ಉಲ್ಟಾ.

ಯಮಹಾ ಆರ್‌ಎಕ್ಸ್ 100 ಇಟ್ಟಿರುವವರು ಹಿಂದೆ ಕೈ ಎತ್ತುತ್ತಿದ್ದಾರೆ. ನಿಮ್ಮದು ಸಿಡಿಐ, ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬ, ಅದಕ್ಕೆ ಬೇರೆಯೇ ಕಾಯಿಲ್ ಇದೆ, ಬ್ಯಾಟರಿ ಸತ್ತರೂ ಓಡುತ್ತದೆ. ಹೆಡ್‌ಲೈಟೂ ನೇರ ಮ್ಯಾಗ್ನೆಟ್‌ನಿಂದ. ಹಾರ್ನ್ ಮತ್ತು ಇಂಡಿಕೇಟರ್ ಮಂಕಾದರೆ ಮಾತ್ರ ನನ್ನ ಹತ್ತಿರ ಬನ್ನಿ.

ಎಲ್‌ಇಡಿ ಹಾಕಬಹುದಾ ಅಂತ ಒಬ್ಬರು ಕೇಳಿದರು. ಟೇಲ್ ಲೈಟಿಗೂ ಬ್ರೇಕ್ ಲೈಟಿಗೂ ಹಾಕಿ. 6 ವೋಲ್ಟಿನದು, ನಿಮ್ಮ ಅರ್ಥ್‌ಗೆ ಹೊಂದುವಂಥದ್ದು ನೋಡಿಕೊಂಡು. ಆಗಲೇ ಹಾಕಿದ ಲೆಕ್ಕದಲ್ಲಿ ಇಪ್ಪತ್ತು ವ್ಯಾಟ್ ಉಳಿಯುತ್ತದೆ. ಹೆಡ್‌ಲೈಟಿಗೆ ನಾನು ಹಾಕಿಲ್ಲ, ಆ ಹಳದಿ ಬೆಳಕಿಲ್ಲದೆ ಯೆಜ್ಡಿ ನನಗೆ ಯೆಜ್ಡಿ ಅನ್ನಿಸಲ್ಲ. ಇದಕ್ಕೆ ತರ್ಕ ಕೇಳಬೇಡಿ.

ಒಣಗಿರಬೇಕು, ಬನ್ನಿ. ಬ್ರಶ್ ಕೂರಿಸಿದ್ದಾಯಿತು. ಮೊದಲು ನೇರ ಟೆಸ್ಟ್, ಫೀಲ್ಡ್ ಬಾಡಿಗೆ. ಎಬ್ಬಿಸು. 4, 6, 8, 10, ಸಾಕು ಸಾಕು! ಈ ಸಲ ಮುಳ್ಳು ಎಲ್ಲೂ ನಿಲ್ಲಲಿಲ್ಲ ನೋಡಿದಿರಾ. ಈಗ ಕಟೌಟಿಗೆ ವೈರ್ ವಾಪಸ್, ಮೀಟರ್ ಬ್ಯಾಟರಿಗೆ. 6.8... 7... 7.1. ದೀಪ? ಕೈ ಅಡ್ಡ ಹಿಡಿದು ನೋಡಿ. ಪೂರ್ತಿ ಆರಿದೆ. ಹೆಡ್‌ಲೈಟ್ ಹಾಕು. 6.7. ಪರವಾಗಿಲ್ಲ, ಈ ಗಾಡಿಗೆ ಅದು ಸಂಬಳದ ಕೊನೆಯ ವಾರ.

ಈಗ ಚಪ್ಪಾಳೆ ತಟ್ಟಬಹುದು. ಆದರೆ ಸೀಲ್ ಬದಲಾಯಿಸಿಲ್ಲ ಅನ್ನೋದು ನೆನಪಿರಲಿ ಮಗಾ, ಇವತ್ತು ಒರೆಸಿದ ಎಣ್ಣೆ ಮತ್ತೆ ಬರುತ್ತದೆ. ದೀಪ ನೋಡಿಕೊಂಡು ಓಡಿಸು.

ಭಾಷಣ ಅಲ್ಲಿಗೆ ಮುಗೀತು. ಬರೆಯುವಾಗ ಸೇರಿಸುತ್ತಿರುವುದು ಇಷ್ಟು: ಹನ್ನೊಂದನೇ ದಿನಕ್ಕೆ ಹುಡುಗ ಫೋನ್ ಮಾಡಿದ. ಶ್ರೀರಂಗಪಟ್ಟಣ ದಾಟಿದ ಮೇಲೆ ದೀಪ ಕೆಂಡದ ಥರ ಕಾಣಲು ಶುರುವಾಗಿದೆಯಂತೆ. ಬ್ಯಾಟರಿ ಅಂಗಡಿಗೆ ಹೋಗಿಲ್ಲ, ಸೀಲ್ ತಂದಿಟ್ಟಿದ್ದಾನೆ. ಈ ಭಾನುವಾರ ಬಿಚ್ಚುತ್ತೇವೆ.